ಒಂಬತ್ತನೇ ಕಾಲಂ ಗೊತ್ತಿರೋರಿಗೆ ಸರ್ನೋಕ್ ಯಾಕೆ?

ನಮ್ಮ ಮದ್ದೂರು, ಮಳವಳ್ಳಿ ಕಡೆ ಓದು ಬರದ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ, ಪಹಣಿಯ 9ನೇ ಕಾಲಂನಲ್ಲಿ ಏನಿರುತ್ತೆ ಅಂತ. "ಹೆಸ್ರು ಕಣಪ್ಪ, ಜಮೀನು ಯಾರ್ದು ಅಂತ" ಅಂತಾರೆ. 11ನೇ ಕಾಲಂ? "ಸಾಲ." ತೀರಿಸಿದ ಸಾಲ ಅಲ್ಲೇ ಕೂತಿದ್ದರೆ ಹೊಸ ಸಾಲಕ್ಕೆ ತೊಡಕು ಅನ್ನೋದೂ ಅವರಿಗೆ ಗೊತ್ತು. ಪಹಣಿ ಏನು ಸರಳವಾದ ಹಾಳೆಯಲ್ಲ. ಖರಾಬು, ಕಂದಾಯ, ಎಕರೆ-ಗುಂಟೆ, ಮ್ಯುಟೇಷನ್ ನಂಬರ್ ಎಲ್ಲ ಇಕ್ಕಟ್ಟಾಗಿ ತುಂಬಿರುತ್ತೆ. ಆದರೂ ಕಲಿತಿದ್ದಾರೆ, ಯಾಕಂದ್ರೆ ಅಲ್ಲಿ ಅವರ ಹೊಲ ಇದೆ.

ಅದಕ್ಕೇ "ಹಳ್ಳಿಯವರಿಗೆ ಫೋನು ಗೊತ್ತಾಗಲ್ಲ, ಎಲ್ಲಾನೂ ಕಮ್ಮಿ ಮಾಡಿ" ಅನ್ನೋ ಮಾತನ್ನು ನಾವು ಪೂರ್ತಿ ಒಪ್ಪಲ್ಲ. ಓಟಿಪಿ ತಾಪತ್ರಯವೇ, ಆದರೆ ಬ್ಯಾಂಕಿನಲ್ಲಿರೋ ದುಡ್ಡು ಕಾಯುತ್ತೆ ಅಂತ ಜನ ಸಹಿಸಿಕೊಂಡಿದ್ದಾರೆ. ಕಷ್ಟಪಟ್ಟು ಕಲಿತರೆ ಏನಾದ್ರೂ ಕೈಗೆ ಬರಬೇಕು, ಅಷ್ಟೆ.

ಈಗ ಅದೇ ಪಹಣಿಯನ್ನು ಫೋನಿನಲ್ಲಿ ನೋಡೋಣ. ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಬೇಕು. ಇಲ್ಲಿತನಕ ಯಾರೂ ತಡವರಿಸಲ್ಲ, ಊರಿನ ವಿಳಾಸ ಬರೆದ ಹಾಗೇ. ಆಮೇಲೆ ಸರ್ನೋಕ್ ಅಂತ ಒಂದು ಖಾನೆ. ಅದಾದ ಮೇಲೆ ಹಿಸ್ಸಾ, ಅವಧಿ, ವರ್ಷ.

ಹಿಸ್ಸಾ ಬೇಕೇ ಬೇಕು. ಅಣ್ಣತಮ್ಮಂದಿರು ಭಾಗವಾದ ಮೇಲೆ ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಮನೆಯ ಜಮೀನಿರುತ್ತೆ, ಹಿಸ್ಸಾ ಇಲ್ಲದೆ ಯಾವುದು ಯಾರದು ಅಂತ ತಿಳಿಯಲ್ಲ. ಅವಧಿ, ವರ್ಷವೂ ಹಳೇ ದಾಖಲೆ ಹುಡುಕೋರಿಗೆ, ಕೋರ್ಟಿಗೆ ಅಲೆಯೋರಿಗೆ ಬೇಕು. ಸರ್ನೋಕ್ ಅಂದ್ರೇನು? ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಬರೋ ಒಂದು ಗುರುತು. ನಾವು ನೋಡಿದ ಬಹುಪಾಲು ಪಹಣಿಗಳಲ್ಲಿ ಆ ಜಾಗದಲ್ಲಿ ಬರೀ ಒಂದು ನಕ್ಷತ್ರದ ಚಿಹ್ನೆ. ಆರಿಸೋಕೆ ಬೇರೇನೂ ಇರಲ್ಲ, ಆದರೂ ಅದನ್ನ ಆರಿಸದೆ ಹಿಸ್ಸಾ ತೆರೆಯಲ್ಲ.

ಒಂದು ಸಲ ಬೆರಳಿಡೋದಕ್ಕೆ ಇಷ್ಟು ಮಾತ್ಯಾಕೆ ಅನ್ನಬಹುದು. ಬೆರಳಿಗೆ ಏನೂ ಕಷ್ಟವಿಲ್ಲ. ಹುಳಿ ಹಿಂಡೋದು ಆ ಪದ. 9ನೇ ಕಾಲಂ, 11ನೇ ಕಾಲಂ ಅಂತ ಲೀಲಾಜಾಲವಾಗಿ ಹೇಳೋ ಮನುಷ್ಯ ಇಲ್ಲಿ ಬಂದು "ಇದು ನಮ್ಗಲ್ಲ ಬುಡು" ಅಂತ ಫೋನನ್ನ ಇನ್ನೊಬ್ಬರ ಕೈಗೆ ಕೊಡ್ತಾನೆ. ಅಲ್ಲಿಗೆ ಬಸ್ ಚಾರ್ಜು, ಸೈಬರ್‌ನವರ ದುಡ್ಡು, ಅರ್ಧ ದಿನದ ಕೂಲಿ ಹೋಯ್ತು.

ಭೂಮಿಯನ್ನ ಬಯ್ಯೋಕೆ ಅಂತ ಬರೀತಿಲ್ಲ. ಅದರ ಪ್ರಯೋಗ ಶುರುವಾದ ತಾಲೂಕುಗಳಲ್ಲಿ ನಮ್ಮ ಮದ್ದೂರೂ ಒಂದು. ಮುಂದೆ ರಾಜ್ಯದ ಆಗಿನ 177 ತಾಲೂಕಿಗೂ ಬಂತು, 15 ರೂಪಾಯಿಗೆ ಪಹಣಿ ಕೈಗೆ ಸಿಗೋ ಹಾಗಾಯ್ತು. ಆ ವ್ಯವಸ್ಥೆಯಲ್ಲೂ ಹೆಚ್ಚುವರಿ ಇತ್ತು. ಕೌಂಟರಿನಲ್ಲಿ ಸಿಬ್ಬಂದಿಗೆ ಒಂದು ಪರದೆಯಾದರೆ, ರೈತರ ಕಡೆ ತಿರುಗಿಸಿದ ಎರಡನೇ ಪರದೆ. ಖರ್ಚಿನ ಲೆಕ್ಕದಲ್ಲಿ ದಂಡ. ಆದರೆ ಒಳಗೆ ಏನು ನಡೀತಿದೆ ಅಂತ ಹೊರಗೆ ನಿಂತವನಿಗೂ ಕಾಣ್ತಿತ್ತು. ಮ್ಯುಟೇಷನ್ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು ಅನ್ನೋ ಕಟ್ಟು, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಅನ್ನೋ ನಿಯಮ, ಇವೂ ಹೆಚ್ಚುವರಿ ಕೆಲಸವೇ. ಆ ಭಾರ ಮಾತ್ರ ಕಚೇರಿಯ ಮೇಲೆ, ಲಾಭ ರೈತನಿಗೆ. ಸರ್ನೋಕ್ ಖಾನೆಯಲ್ಲಿ ಇದು ಉಲ್ಟಾ. ಗುರುತು ಬೇಕಾಗಿರೋದು ದಾಖಲೆಗೆ, ಹೊರೋದು ನೋಡೋಕೆ ಬಂದವನು.

ಆ ಗುರುತನ್ನ ದಾಖಲೆಯಿಂದ ತೆಗೆದುಹಾಕಿ ಅಂತ ನಾವು ಹೇಳ್ತಿಲ್ಲ. ನಕ್ಷತ್ರದ ಬದಲು ಬೇರೆ ಗುರುತಿರೋ ಸರ್ವೆ ನಂಬರುಗಳೂ ಇರ್ತವೆ, ತೆಗೆದರೆ ಒಬ್ಬರ ಜಮೀನು ಇನ್ನೊಬ್ಬರದ್ದಕ್ಕೆ ಬೆರೆತುಹೋದೀತು. ಒಂದೇ ಆಯ್ಕೆ ಇದ್ದ ಕಡೆ ಅದು ತಾನೇ ತುಂಬಿಕೊಳ್ಳಲಿ. ಎರಡು ಮೂರು ಇದ್ದ ಕಡೆ ಮಾತ್ರ ಕೇಳಲಿ, ಅದೂ ಕನ್ನಡದಲ್ಲಿ ಒಂದು ಸಾಲು ವಿವರ ಕೊಟ್ಟು. ನಾಲೆಯಲ್ಲಿ ನೀರು ಕವಲೊಡೆಯೋ ಕಡೆ ತೂಬು ಇಡ್ತಾರೆ, ಹತ್ತು ಮಾರಿಗೊಂದು ಇಡಲ್ಲ.

ಅಲ್ಲಿತನಕ ನೀವು ನೋಡುವಾಗ ಸರ್ನೋಕ್ ಅಂತ ಬಂದರೆ ಗಾಬರಿಯಾಗಬೇಡಿ. ಪಟ್ಟಿಯಲ್ಲಿ ನಕ್ಷತ್ರ ಒಂದೇ ಇದ್ದರೆ ಅದನ್ನೇ ಆರಿಸಿ ಮುಂದೆ ಹೋಗಿ. ಬೇರೆ ಗುರುತೂ ಇದ್ದರೆ ಮನೆಯಲ್ಲಿರೋ ಹಳೇ ಪಹಣಿ ತೆಗೆದು ಹೊಂದಿಸಿ ನೋಡಿ. 9ನೇ ಕಾಲಂನಲ್ಲಿ ನಿಮ್ಮ ಮನೆಯವರ ಹೆಸರು ಕಂಡ ಮೇಲಷ್ಟೇ ಪ್ರಿಂಟಿಗೆ ದುಡ್ಡು ಕೊಡಿ.