ಮೊದಲ ಕೋವಿ ಹಗುರವೇ ಇರಬೇಕೆ?

12 ವರ್ಷದ ಮಗಳಿಗೆ ಟ್ರ್ಯಾಪ್ ಶೂಟಿಂಗ್ ಕಲಿಸಹೊರಟ ಹೆತ್ತವರ ಕಣ್ಣು ಮೊದಲು ಬೀಳುವುದು ಹಗುರವಾದ 410 ಬೋರ್ ಕೋವಿಯ ಮೇಲೆ. ನನಗಿದು ತಲೆಕೆಳಗಿನ ಲೆಕ್ಕ. ಅದರ ತೋಟಾದಲ್ಲಿ ಚರೆ ಸುಮಾರು 14 ಗ್ರಾಂ, ಅದಕ್ಕಿಂತ ದೊಡ್ಡ 20 ಬೋರಿನದರಲ್ಲಿ 24ರ ಆಸುಪಾಸು. ಟ್ರ್ಯಾಪ್‌ನಲ್ಲಿ ಗುರಿಯಾದ ಹಾರುವ ಮಣ್ಣಿನ ಬಿಲ್ಲೆ ವಿರಳ ಚರೆಗಳ ನಡುವೆ ನುಸುಳಿಹೋದರೆ ತಪ್ಪು ತನ್ನದೋ ಕೋವಿಯದೋ ಹುಡುಗಿಗೆ ತಿಳಿಯದು. 20 ಬೋರ್ ಜಾಸ್ತಿ ಒದೆಯುತ್ತದಲ್ಲ ಅನ್ನಬಹುದು. ಒದೆತ ತೋಟಾದ್ದಷ್ಟೇ ಅಲ್ಲ, ತೂಕದ್ದೂ ಹೌದು: ಅದೇ ತೋಟಾಕ್ಕೆ 2.5 ಕಿಲೋ ಕೋವಿಗಿಂತ 3 ಕಿಲೋದ್ದು ಮೆತ್ತಗೆ ಒದೆಯುತ್ತದೆ. ಗ್ಯಾಸ್‌ನಿಂದ ನಡೆಯುವ ಸೆಮಿ ಆಟೊಮ್ಯಾಟಿಕ್ ಇನ್ನೂ ಮೆತ್ತಗೆ. ಅಷ್ಟು ಭಾರ ಎಳೆತೋಳು ತಾಳೀತೇ? ಹೆಗಲಿಗೊತ್ತುವ ಮರ ಉದ್ದವಾದರೆ ತಾಳದು. ಕೋವಿ ಮುಂದಕ್ಕೆ ಜಗ್ಗುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ. ಮರ ಕುಯ್ಯಿಸಿ, ತುಂಡನ್ನು ಎತ್ತಿಡಿ. ಹುಡುಗಿ ಬೆಳೆದಂತೆ ಮತ್ತೆ ಜೋಡಿಸಬಹುದು.