ಊರು ಕಟ್ಟಿಸಿದವನ ಮನೆ

ಬೇಸಿಗೆ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಇಂಗ್ಲಿಷ್ ಕಥೆಪುಸ್ತಕವೊಂದನ್ನು ಓದಿ ಮುಗಿಸಿದ್ದಳು. ಅದರಲ್ಲಿ ಒಂದು ಪುಟ್ಟ ಹಳ್ಳಿ, ಹಳ್ಳಿಗೊಬ್ಬ ಯಜಮಾನ, ಅವನಿಗೊಂದು ದೊಡ್ಡ ಕಲ್ಲಿನ ಬಂಗಲೆಯಂತೆ.

"ತಾತ, ನಮ್ಮೂರು ಕಟ್ಟಿಸಿದವರ ಮನೆ ಎಲ್ಲಿದೆ?" ಎಂದಳು.

ನಮ್ಮೂರು ಜಿನನಾಥಪುರ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕೆ, ಬೆಟ್ಟದ ಬೆನ್ನಿಗೇ ಇದೆ. ಸಣ್ಣ ಊರುಗಳನ್ನು ಯಾರು ಕಟ್ಟಿಸಿದರೆಂದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನಮ್ಮದು ಗೊತ್ತಿದೆ. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಸುಮಾರು 900 ವರ್ಷಗಳ ಹಿಂದೆ. ತಲಕಾಡಿನಿಂದ ಚೋಳರನ್ನು ಓಡಿಸಿದವನೂ ಅವನೇ, ದೊಡ್ಡಬೆಟ್ಟದ ಗೊಮ್ಮಟನ ಸುತ್ತಾಲಯ ಕಟ್ಟಿಸಿದವನೂ ಅವನೇ. ದೊರೆ ಮೆಚ್ಚಿ ಏನು ಬೇಕು ಕೇಳು ಅಂದಾಗ ಗೋವಿಂದವಾಡಿ ಎಂಬ ಊರನ್ನು ಕೇಳಿ ಪಡೆದು, ಅದನ್ನು ಗೊಮ್ಮಟನ ಪೂಜೆಗೆ ಬಿಟ್ಟುಕೊಟ್ಟನೆಂದು ಶಾಸನ ಹೇಳುತ್ತದೆ.

ಹುಡುಗಿಯನ್ನು ಶಾಂತಿನಾಥ ಬಸದಿಗೆ ಕರೆದುಕೊಂಡು ಹೋದೆ. ಚಿಕ್ಕಬೆಟ್ಟದ ಬಸದಿಗಳ ಹೊರಗೋಡೆ ಬಹುಮಟ್ಟಿಗೆ ಬರಿದು. ಇಲ್ಲಿ ಹಾಗಲ್ಲ, ಗೋಡೆಯ ತುಂಬ ತೀರ್ಥಂಕರರು, ಯಕ್ಷಿಯರು, ಕುಣಿಯುವವರು, ವಾದ್ಯ ನುಡಿಸುವವರು. ಅವಳು ಮೂರು ಸುತ್ತು ಹಾಕಿದಳು. ನನಗೆ ಮೊಣಕಾಲು ನೋವು, ಒಂದೇ ಸುತ್ತಿಗೆ ಕೂತೆ.

"ಇದೇನಾ ಗಂಗರಾಜನ ಮನೆ?"

"ಇದು ದೇವರ ಮನೆ ಕಣೇ. ಇದನ್ನು ಕಟ್ಟಿಸಿದ್ದು ರೇಚರಸ ಅನ್ನೋ ಇನ್ನೊಬ್ಬ ದಂಡನಾಯಕ, 1200ರ ಸುಮಾರಿಗೆ."

"ಹಾಗಾದರೆ ಅವರಿಬ್ಬರ ಮನೆ?"

ತೋರಿಸಲು ಏನೂ ಇರಲಿಲ್ಲ. ಆಗ ಕಲ್ಲು ದೇವರಿಗೆ, ಮಣ್ಣು ಮರ ಮನುಷ್ಯರಿಗೆ. ಮಣ್ಣಿನದು ಮಣ್ಣಿಗೆ ಹೋಯಿತು.

ಮನೆಗೆ ಬಂದಾಗ ಆ ಮಾತು ನನ್ನನ್ನೇ ಚುಚ್ಚಿತು. ನಮ್ಮದೂ ಮಣ್ಣುಗೋಡೆಯ ತೊಟ್ಟಿ ಮನೆ. ನಾಡಹೆಂಚು, ನಡುವೆ ಆಕಾಶ ಕಾಣುವ ತೊಟ್ಟಿ, ಮಳೆ ಬಂದರೆ ನಾಲ್ಕೂ ಕಡೆಯಿಂದ ನೀರು ಸುರಿಯುವ ಸದ್ದು. ತಮ್ಮನಿಗೂ ನನಗೂ ಭಾಗವಾಗಿದೆ. ದಸರಾ ಕಳೆದ ಮೇಲೆ ಕೆಡವಿ ಎರಡು ತಾರಸಿ ಮನೆ ಕಟ್ಟುವುದೆಂದು ಮಾತಾಗಿತ್ತು. ಮಾತಿಗಿಂತ ಮನಸ್ತಾಪವೇ ಹೆಚ್ಚಾಗಿತ್ತು ಅನ್ನಿ.

ಮಾರನೇ ದಿನ ಹುಡುಗಿ ಟೇಪು ಹಿಡಿದು ಮನೆ ಅಳೆಯತೊಡಗಿದಳು. ಜಗಲಿ, ನಡುಮನೆ, ಅಟ್ಟ, ಕಣಜ ಇದ್ದ ಮೂಲೆ, ಒಂದೊಂದರ ಹೆಸರನ್ನೂ ಅವಳಜ್ಜಿಯನ್ನು ಕೇಳಿ ಡ್ರಾಯಿಂಗ್ ಹಾಳೆಯಲ್ಲಿ ಬರೆದಳು. ನೆಲದಲ್ಲಿ ಹೂತಿರುವ ನನ್ನ ಅಮ್ಮನ ಒರಳುಕಲ್ಲನ್ನೂ ಬಿಡಲಿಲ್ಲ. ಕೊನೆಗೆ ಭಾಗದ ಗೆರೆ ಎಲ್ಲಿ ಬರುತ್ತದೆಂದು ಕೇಳಿ, ಕೆಂಪು ಪೆನ್ಸಿಲಿನಲ್ಲಿ ಎಳೆದಳು. ಗೆರೆ ಸರಿಯಾಗಿ ಒರಳಿನ ಮೇಲೇ ಹಾದುಹೋಯಿತು.

"ತಾತ, ಒರಳು ಯಾರಿಗೆ?"

ಆ ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಮೂರು ತಿಂಗಳಾಗಿತ್ತು ಮಾತಾಡಿ. ನಕ್ಷೆಯ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ನಾನು ಭಾನುವಾರ ಬರ್ತೀನಿ. ಅಲ್ಲಿವರೆಗೆ ಮೇಸ್ತ್ರಿಗೆ ಏನೂ ಹೇಳಬೇಡ" ಎಂದ.