ಭಾಯಿಜಾನ್ ಕಾರಿಗೆ ಯಾವ ಕಾಯಿಲ್‌ಓವರ್?

ನಮ್ಮ ಮನೆಯ ಹಳೆಯ ಸ್ವಿಫ್ಟ್ ಕಾರಿನ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರತೊಡಗಿದಾಗ ಭಾಯಿಜಾನ್ ಒಳಗೊಳಗೇ ಖುಷಿಪಟ್ಟರು. ಕಾಯಿಲ್‌ಓವರ್ ಹಾಕಿಸಬೇಕೆಂದು ಅವರು ಬಹಳ ದಿನದಿಂದ ಹಣ ಕೂಡಿಡುತ್ತಿದ್ದರು. 60,000 ರೂಪಾಯಿ ಆಗಿತ್ತು. ಕಾರು ಎರಡು ಇಂಚು ತಗ್ಗಬೇಕು, ಆಗುಂಬೆ ಘಾಟಿಯ ತಿರುವುಗಳಲ್ಲಿ ವಾಲಬಾರದು ಎಂಬುದು ಅವರ ಆಸೆ. ಆದರೆ ಆ ಘಾಟಿಯನ್ನು ನಾವು ಇಳಿಯುವುದೇ ದಾದಿಯನ್ನು ಮಣಿಪಾಲಕ್ಕೆ ಕರೆದೊಯ್ಯಲು. ಅವರಿಗೆ ಬೆನ್ನುಮೂಳೆಯ ತೊಂದರೆ. ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಹಿಂದಿನ ಸೀಟಿನಿಂದ "ಯಾ ಅಲ್ಲಾಹ್" ಎಂಬ ನರಳಿಕೆ ಕೇಳಿಸುತ್ತದೆ.

"ನೀನು ಸೈನ್ಸ್ ಅಲ್ವಾ, ಯಾವ ಥರದ್ದು ತಗೋಬೇಕು ನೋಡಿ ಹೇಳು" ಎಂದು ಭಾಯಿಜಾನ್ ಮೂರು ಕಿಟ್‌ಗಳ ವಿವರವಿದ್ದ ಹಾಳೆಯನ್ನು ನನ್ನ ಮುಂದಿಟ್ಟರು.

ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗ್ ಕೂರಿಸಿ, ಎತ್ತರ ಬದಲಿಸಲು ಮೈಮೇಲೆ ಥ್ರೆಡ್ ಕೊಟ್ಟಿರುವ ಜೋಡಣೆಯೇ ಈ ಕಾಯಿಲ್‌ಓವರ್. ಇದರಲ್ಲಿ ಅಗ್ಗದ ಬಗೆ ಹೀಗಿದೆ: ಸ್ಪ್ರಿಂಗಿನ ಕೆಳಗಿನ ಬಳೆಯನ್ನು ಥ್ರೆಡ್ ಮೇಲೆ ತಿರುಗಿಸಿ ಇಳಿಸುತ್ತಾರೆ. ಕಾರು ತಗ್ಗುತ್ತದೆ ನಿಜ, ಆದರೆ ಶಾಕಿನ ರಾಡ್ ಕೂಡ ಅಷ್ಟೇ ಒಳಗೆ ಹೋಗಿ ಕೂರುತ್ತದೆ. ಗುಂಡಿ ಬಂದಾಗ ಒತ್ತಿಕೊಳ್ಳಲು ಉಳಿಯುವ ಜಾಗ ಕಡಿಮೆ. ಅದು ಮುಗಿದರೆ ರಬ್ಬರ್ ಸ್ಟಾಪರಿಗೆ ಬಡಿಯುತ್ತದೆ, ಆ ಪೆಟ್ಟು ನೇರ ಬೆನ್ನಿಗೆ. ದುಬಾರಿ ಬಗೆಯಲ್ಲಿ ಶಾಕಿನ ಇಡೀ ಮೈ ಕೆಳಗಿನ ಬ್ರಾಕೆಟ್ಟಿನೊಳಗೆ ತಿರುಗಿ ಏರಿಳಿಯುತ್ತದೆ. ಸ್ಪ್ರಿಂಗನ್ನು ಮುಟ್ಟದೆಯೇ ಎತ್ತರ ಬದಲಾಗುವುದರಿಂದ ಶಾಕಿನ ಓಡಾಟ ಹಾಗೆಯೇ ಉಳಿಯುತ್ತದೆ. ಇವೆರಡರಲ್ಲೇ ಆರಿಸುವುದಾದರೆ ನನ್ನ ಓಟು ಇದಕ್ಕೆ. (ಸ್ವಿಫ್ಟ್‌ನ ಹಿಂಬದಿಯಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ, ಅಲ್ಲಿಗೆ ಕೊಡುವುದು ನಿಜಾರ್ಥದಲ್ಲಿ ಕಾಯಿಲ್‌ಓವರೇ ಅಲ್ಲ. ದಾದಿ ಕೂರುವುದು ಮಾತ್ರ ಹಿಂದೆಯೇ!)

ಮೂರನೆಯ ಕಿಟ್‌ನಲ್ಲಿ ಇದರ ಜೊತೆಗೆ ಶಾಕಿನ ತುದಿಯಲ್ಲೊಂದು ನಾಬ್ ಇತ್ತು. ಭಾಯಿಜಾನ್ ಮನಸ್ಸು ಹೋಗಿದ್ದು ಅದರ ಮೇಲೆ. "ಒಬ್ಬನೇ ಹೋಗುವಾಗ ಗಟ್ಟಿ ಮಾಡ್ಕೋತೀನಿ, ದಾದಿ ಕೂತಾಗ ಮೆತ್ತಗೆ. ಆಯ್ತಲ್ಲ?"

ಹಾಗಾಗುವುದಿಲ್ಲ. ನಾಬ್ ತಿರುಗಿಸಿದರೆ ಒಳಗೆ ಎಣ್ಣೆ ಹರಿಯುವ ದಾರಿ ಕಿರಿದೋ ಅಗಲವೋ ಆಗುತ್ತದೆ, ಡ್ಯಾಂಪಿಂಗ್ ಬದಲಾಗುತ್ತದೆ, ಅಷ್ಟೇ. ಸ್ಪ್ರಿಂಗಿನ ಬಿಗಿ ಇದ್ದಂತೆಯೇ ಇರುತ್ತದೆ. ಗಟ್ಟಿ ಸ್ಪ್ರಿಂಗ್ ಇಟ್ಟುಕೊಂಡು ನಾಬನ್ನು ತೀರಾ ಸಡಿಲ ಮಾಡಿದರೆ ಕಾರು ಕುಣಿಯತೊಡಗುತ್ತದೆ.

ಪ್ರಥಮ ಪಿಯುಸಿಯ ಆಂದೋಲನ ಪಾಠ ಇಲ್ಲಿ ಕೆಲಸಕ್ಕೆ ಬಂತು. ಸ್ಪ್ರಿಂಗ್ ಸ್ಥಿರಾಂಕವನ್ನು ದ್ರವ್ಯರಾಶಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 2 ಪೈಯಿಂದ ಭಾಗಿಸಬೇಕು. ಕಿಟ್‌ನ ಮುಂದಿನ ಸ್ಪ್ರಿಂಗ್ '6ಕೆ': ಒಂದು ಮಿ.ಮೀ. ಒತ್ತಲು 6 ಕೆಜಿ ಭಾರ, ಅಂದರೆ ಮೀಟರಿಗೆ ಸುಮಾರು 59,000 ನ್ಯೂಟನ್. ಒಂದು ಚಕ್ರದ ಮೇಲೆ 250 ಕೆಜಿ ಎಂದು ಹಿಡಿದೆ. ಸೆಕೆಂಡಿಗೆ 2.4 ಆಂದೋಲನ ಬಂತು. ಅದೇ 2ಕೆ ಸ್ಪ್ರಿಂಗಾದರೆ 1.4. ಮನೆಬಳಕೆಯ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ಆಸುಪಾಸಿನಲ್ಲಿರುತ್ತವೆ, 2 ದಾಟಿತೆಂದರೆ ರೇಸಿನ ದಾರಿ ಹಿಡಿಯಿತೆಂದೇ ಅರ್ಥ.

ಇನ್ನು ಎತ್ತರದ ಲೆಕ್ಕ. ನಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 17 ಸೆಂ.ಮೀ. ಎರಡು ಇಂಚು ಇಳಿಸಿದರೆ 12 ಉಳಿಯುತ್ತದೆ, ಮನೆಮಂದಿ ಕೂತರೆ ಇನ್ನೂ ಕಡಿಮೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರಸ್ತೆ ಉಬ್ಬಿನ ಎತ್ತರವೇ 10 ಸೆಂ.ಮೀ. ನಮ್ಮೂರಿನ ಉಬ್ಬುಗಳಂತೂ ಆ ಪುಸ್ತಕ ಓದಿ ಹುಟ್ಟಿದವಲ್ಲ. ಮೇಲಾಗಿ ಕಾರಿನ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಕಡಿವಾಣವೂ ಇದೆ.

ಭಾಯಿಜಾನ್ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಯಾವುದು ಒಳ್ಳೇದು ಅಂತ ಕೇಳಿದ್ದೆ, ಬೇಡ ಅಂತ ಹೇಳು ಅಂದಿರಲಿಲ್ಲ" ಎಂದು ಅಮ್ಮಿಯ ಮುಂದೆ ಗೊಣಗಿದರು. ಆಮೇಲೆ ತಾವೇ ಅಂಗಡಿಗೆ ಫೋನ್ ಮಾಡಿ ಮೆತ್ತನೆಯ ಸ್ಪ್ರಿಂಗ್ ಸಿಗುತ್ತದೆಯೇ ಎಂದು ವಿಚಾರಿಸಿದರು. ಕಿಟ್‌ನಲ್ಲಿ ಬಂದದ್ದೇ ಹಾಕಬೇಕು ಎಂಬ ಉತ್ತರ ಬಂತು.

ಕೊನೆಗೆ ನಾಲ್ಕೂ ಚಕ್ರಕ್ಕೆ ಮೂಲ ಅಳತೆಯ ಹೊಸ ಶಾಕ್‌ಗಳನ್ನೇ ಹಾಕಿಸಿ, ಹರಿದ ಬುಷ್‌ಗಳನ್ನು ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದರು. ಹಣ ಸಾಕಷ್ಟು ಉಳಿಯಿತು. ಕಳೆದ ವಾರ ಘಾಟಿಯಲ್ಲಿ ದಾದಿ ಅರ್ಧ ದಾರಿ ನಿದ್ದೆ ಮಾಡಿದರು. ಕಿಟ್‌ಗಳ ಆ ಹಾಳೆ ಮಾತ್ರ ಇನ್ನೂ ಭಾಯಿಜಾನ್ ಕಪಾಟಿನಲ್ಲಿದೆ. '6ಕೆ' ಎಂಬುದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ '3ಕೆ?' ಎಂದು ಬರೆದಿಟ್ಟಿದ್ದಾರೆ.